ಒಂದೂಕಾಲು ವೋಲ್ಟಿನ ಲಕ್ಷ್ಮಣರೇಖೆ

ಲಕ್ಷ್ಮೇಶ್ವರದಿಂದ ಬಂದಿರುವ ಒಂದು ಪತ್ರ ಈ ವಾರ ನಮ್ಮ ಮೇಜಿನ ಮೇಲಿದೆ. ಬರೆದವರು ಒಬ್ಬ ತಂದೆ. ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ, ಹಾಗೆಯೇ ಆಗಲಿ. ಅವರ ಚಿರಂಜೀವಿಯು ನೌಕರಿಗಾಗಿ ಪರಸ್ಥಳಕ್ಕೆ ಹೋಗದೆ, ಊರಿನಲ್ಲಿಯೇ ಲಗ್ನ, ಜವಳ, ಮನೆಯ ಪ್ರವೇಶಗಳ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವ ಉದ್ಯೋಗ ಹಿಡಿದಿದ್ದಾನೆ. ಅದಕ್ಕೋಸ್ಕರ ತಾಯಿಯ ಎರಡು ಬಳೆಗಳನ್ನು ಅಡವಿಟ್ಟು, ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತರಲಾಗಿದೆ. ಬಳೆಗಳು ಇನ್ನೂ ಮನೆಗೆ ಬಂದಿಲ್ಲ. ಹೀಗಿರುತ್ತ ಹುಡುಗ ಈಗ ಯಂತ್ರದ ವೇಗವನ್ನು ಹೆಚ್ಚಿಸುವೆನೆಂದು ಹಟ ಹಿಡಿದಿದ್ದಾನೆ. ಪ್ರೊಸೆಸರಿಗೆ ಇನ್ನಷ್ಟು ವೋಲ್ಟೇಜು ಬೇಕು, ಮದರ್‌ಬೋರ್ಡು ಒಂದು ಮಿತಿಗಿಂತ ಹೆಚ್ಚು ಕೊಡಲೊಲ್ಲದು, ಒಂದು ಚಿಕ್ಕ ರೆಸಿಸ್ಟರನ್ನು ಸೋಲ್ಡರ್ ಮಾಡಿ ಬೋರ್ಡಿನ ಕಣ್ಣು ಕಟ್ಟಬಹುದು ಎಂಬುದು ಅವನ ವಾದ. “ಸುಟ್ಟರೆ ಬಳೆಯೂ ಹೋಯಿತು, ಉದ್ಯೋಗವೂ ಹೋಯಿತು. ಬೇಡವೆಂದರೆ ನಾನು ಹಳೆಯ ಕಾಲದವನಾಗುತ್ತೇನೆ. ಹೂಂ ಎನ್ನಲೋ, ಉಹೂಂ ಎನ್ನಲೋ? ಮನೆಗೆ ಒಂದು ಸ್ಟೆಬಿಲೈಜರ್ ಕೂಡಿಸಿದರೆ ಅವನಿಗೆ ಬೇಕಾದ ವೋಲ್ಟೇಜು ಸಿಕ್ಕೀತೆ?” ಇದು ತಂದೆಯ ಪ್ರಶ್ನೆ.

ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕವಿರಾಜಮಾರ್ಗವು ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಅಂಥ ಊರಿನಿಂದ ‘ಓವರ್‌ಕ್ಲಾಕಿಂಗ್’ ಎಂಬ ಶಬ್ದ ಹೊತ್ತು ಪತ್ರ ಬಂದುದನ್ನು ಕಂಡು ನಾವು ಮುಗುಳ್ನಕ್ಕೆವು. ಆದರೆ ಪ್ರಶ್ನೆ ನಗುವಂಥದಲ್ಲ. ಮನೆಯಲ್ಲಿ ಪ್ರಾಯದ ಹುಡುಗರೂ ಒಂದು ಕಂಪ್ಯೂಟರೂ ಇರುವಲ್ಲೆಲ್ಲ ಈ ಪ್ರಶ್ನೆ ಇಂದಲ್ಲ ನಾಳೆ ಏಳತಕ್ಕದ್ದೇ.

ಪ್ರೊಸೆಸರಿನೊಳಗೆ ಒಂದು ಗಡಿಯಾರವಿದೆ. ಅದರ ಒಂದೊಂದು ಬಡಿತಕ್ಕೂ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚಿ ಒಂದು ಹೆಜ್ಜೆ ಲೆಕ್ಕವನ್ನು ಮಾಡಿ ಮುಗಿಸುತ್ತವೆ. 3.2 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 320 ಕೋಟಿ ಬಡಿತ. ಬಡಿತವನ್ನು ಇನ್ನೂ ಚುರುಕುಗೊಳಿಸಿದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಕೆಲಸವಾಗುತ್ತದೆ. ಆದರೆ ಮುಂದಿನ ಬಡಿತ ಬೀಳುವುದರೊಳಗೆ ಪ್ರತಿಯೊಂದು ಟ್ರಾನ್ಸಿಸ್ಟರೂ ತನ್ನ ಕೆಲಸವನ್ನು ಪೂರೈಸಿರಬೇಕು. ಪೂರೈಸದಿದ್ದರೆ ಲೆಕ್ಕ ತಪ್ಪುತ್ತದೆ, ಯಂತ್ರ ನಿಂತುಬಿಡುತ್ತದೆ. ಅದನ್ನು ಅವಸರಪಡಿಸುವ ಚಾಟಿಯೇ ವೋಲ್ಟೇಜು. ವೋಲ್ಟೇಜು ಏರಿದಷ್ಟೂ ಟ್ರಾನ್ಸಿಸ್ಟರು ಬೇಗ ಹೊರಳುತ್ತದೆ.

ನಮ್ಮ ಹೊಲಗಳ ಪಂಪಿನ ಮೋಟಾರಿಗೂ ಇದಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು, ಕಾಯ್ದು, ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಆದ್ದರಿಂದ ನಮ್ಮ ರೈತರು ಅಂಜುವುದು ಕಡಿಮೆ ವೋಲ್ಟೇಜಿಗೆ. ಪ್ರೊಸೆಸರಿನ ಸ್ವಭಾವವೇ ಬೇರೆ. ವೋಲ್ಟೇಜು ಸಾಲದಾದರೆ ಅದು ಸುಡುವುದಿಲ್ಲ, ಲೆಕ್ಕ ತಪ್ಪಿ ನಿಲ್ಲುತ್ತದೆ, ಅಷ್ಟೆ. ಸುಡುವುದು ವೋಲ್ಟೇಜು ಹೆಚ್ಚಾದಾಗ.

ಎಷ್ಟು ಹೆಚ್ಚಾದಾಗ? ಪ್ರೊಸೆಸರು ಉಣ್ಣುವ ವಿದ್ಯುತ್ತು ಗಡಿಯಾರದ ವೇಗ ಏರಿದಂತೆ ಅದೇ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜು ಏರಿದಾಗ ಮಾತ್ರ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ನಮ್ಮ ಹುಡುಗನ ಯಂತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು 2017ರಲ್ಲಿ ಎಎಮ್‌ಡಿ ಸಂಸ್ಥೆ ಹೊರತಂದ ರೈಜನ್ 5 1600. ಅದರಲ್ಲಿ ಆರು ಕೋರುಗಳಿವೆ. ನಾವು ಅವನ್ನು ತಿರುಳುಗಳೆಂದೇ ಕರೆಯೋಣ, ಪುಲಿಗೆರೆಯವರಂತೂ ಆಕ್ಷೇಪಿಸಲಾರರು. ಪೆಟ್ಟಿಗೆಯ ಮೇಲೆ ಬರೆದಿರುವ ವೇಗ 3.2 ಗಿಗಾಹರ್ಟ್ಸ್, ಶಾಖದ ಲೆಕ್ಕ 65 ವ್ಯಾಟ್. ಆರೂ ತಿರುಳುಗಳು ಒಟ್ಟಿಗೆ ದುಡಿಯುವಾಗ ಅದು ತಾನಾಗಿಯೇ ಸುಮಾರು 3.4ರಲ್ಲಿ ಓಡುತ್ತದೆ. ಇದನ್ನು 3.9ಕ್ಕೆ ಏರಿಸಿ, 1.2 ವೋಲ್ಟು ಇದ್ದಲ್ಲಿ 1.4 ಕೊಟ್ಟೆವೆಂದು ಇಟ್ಟುಕೊಳ್ಳೋಣ. ವೇಗ ನೂರಕ್ಕೆ ಹದಿನೈದರಷ್ಟು ಹೆಚ್ಚಿತು. ವಿದ್ಯುತ್ತು ಮಾತ್ರ ನೂರಕ್ಕೆ ಐವತ್ತಾರರಷ್ಟು ಹೆಚ್ಚಿ, 65 ವ್ಯಾಟ್ ಇದ್ದುದು 100ರ ಗಡಿ ದಾಟಿತು. ಅದೆಲ್ಲವೂ ಉಗುರಿನಷ್ಟು ಜಾಗದಿಂದ ಶಾಖವಾಗಿ ಹೊರಬರಬೇಕು, ಅದೂ ಏಪ್ರಿಲ್–ಮೇ ತಿಂಗಳ ಗದಗ ಸೀಮೆಯ ಬಿಸಿಲಿನಲ್ಲಿ. ಲಗ್ನದ ಸುಗ್ಗಿಯೂ ಆಗಲೇ ಅಲ್ಲವೆ?

ಇನ್ನೊಂದು ಸ್ವಾರಸ್ಯವಾದ ಸಂಗತಿಯುಂಟು. 1.4 ವೋಲ್ಟಿನಲ್ಲಿ 100 ವ್ಯಾಟ್ ಎಂದರೆ 71 ಆಂಪಿಯರ್ ಕರೆಂಟು. ಸ್ನಾನದ ಮನೆಯ 2000 ವ್ಯಾಟಿನ ಗೀಜರು ಕೂಡ 230 ವೋಲ್ಟಿನಲ್ಲಿ ಎಳೆಯುವುದು ಒಂಬತ್ತು ಆಂಪಿಯರಿಗಿಂತ ಕಡಿಮೆ. ಗೀಜರಿನ ಎಂಟು ಪಟ್ಟು ಕರೆಂಟು, ಪ್ರೊಸೆಸರಿನ ಅಡಿಯಲ್ಲಿರುವ ಕೂದಲೆಳೆಯಂಥ ಕಾಲುಗಳ ಮೂಲಕ ಹರಿಯಬೇಕು. ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಹೀಗೆ ಒಂದೂಕಾಲು ವೋಲ್ಟಿಗೆ ಇಳಿಸಿ, ಕರೆಂಟನ್ನು ಹೆಚ್ಚಿಸಿ ಕೊಡುವ ಭಾಗ ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿನ ಪಕ್ಕದಲ್ಲಿಯೇ ಇದೆ. ಅದೇ ವೋಲ್ಟೇಜ್ ರೆಗ್ಯುಲೇಟರ್. ಹುಡುಗನ ಜಗಳ ನಿಜವಾಗಿ ಇದರ ಸಂಗಡ.

ಪ್ರೊಸೆಸರು ತನಗೆ ಎಷ್ಟು ವೋಲ್ಟು ಬೇಕೆಂಬುದನ್ನು ತಾನೇ ರೆಗ್ಯುಲೇಟರಿಗೆ ಹೇಳುತ್ತದೆ. ಹಿಂದೆ ಇದನ್ನು ಹೇಳುವ ರೀತಿ ಬಹು ಸರಳವಾಗಿತ್ತು. 1998ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರ ವೇಗ 300 ಮೆಗಾಹರ್ಟ್ಸ್. ಬೋರ್ಡಿನ ಮೂಲ ಬಡಿತವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಪ್ರೊಸೆಸರು 450ರಲ್ಲಿ ಓಡಿ, ಹಲವು ಪಟ್ಟು ಬೆಲೆಯ ಅಣ್ಣಂದಿರಿಗೆ ಸಮನಾಗಿ ನಿಲ್ಲುತ್ತಿತ್ತು! ಕೆಲವಕ್ಕೆ ಮಾತ್ರ 2.0 ವೋಲ್ಟು ಸಾಲದೆ 2.2 ಬೇಕಾಗುತ್ತಿತ್ತು. ಅಂದಿನ ಎಷ್ಟೋ ಬೋರ್ಡುಗಳಲ್ಲಿ ವೋಲ್ಟೇಜು ಬದಲಿಸುವ ಅನುಕೂಲವೇ ಇರಲಿಲ್ಲ.

ಆಗ ಜನ ಕಂಡುಕೊಂಡ ಉಪಾಯ ಅಂಟುಪಟ್ಟಿ. ಪ್ರೊಸೆಸರಿನ ಅಂಚಿನಲ್ಲಿ ವೋಲ್ಟೇಜು ಹೇಳುವ ಐದು ತಾಮ್ರದ ಪಟ್ಟಿಗಳಿದ್ದವು. ಪಟ್ಟಿ ನೆಲಕ್ಕೆ, ಎಂದರೆ ಅರ್ಥಿಗೆ, ಜೋಡಿಸಿದ್ದರೆ ಸೊನ್ನೆ. ಜೋಡಿಸದೆ ಬಿಟ್ಟಿದ್ದರೆ ಒಂದು. ‘ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಒಂದು’ ಎಂದರೆ 2.0 ವೋಲ್ಟು. ಮೊದಲ ಮೂರು ಪಟ್ಟಿಗಳ ಮೇಲೆ ಸಣ್ಣ ಟೇಪು ಅಂಟಿಸಿದರೆ ಸಂಪರ್ಕ ತಪ್ಪಿ ‘ಒಂದು ಒಂದು ಒಂದು ಸೊನ್ನೆ ಒಂದು’ ಆಗುತ್ತದೆ. ರೆಗ್ಯುಲೇಟರು ಅದನ್ನು 2.2 ಎಂದು ಓದಿ ಅಷ್ಟನ್ನೇ ಕೊಡುತ್ತದೆ. ಎಂಥ ಸೊಗಸಾದ ಮೋಸ! ಆದರೆ ಪ್ರೊಸೆಸರನ್ನು ಅದರ ಗಾಡಿಯೊಳಗೆ ಒತ್ತುವಾಗ ಎರಡನೆಯ ಮೂರನೆಯ ಟೇಪುಗಳು ಜಾರಿ, ಮೊದಲನೆಯದೊಂದೇ ಉಳಿಯಿತೆನ್ನಿ. ಆಗ ಓದಿಕೆ ‘ಒಂದು ಸೊನ್ನೆ ಸೊನ್ನೆ ಸೊನ್ನೆ ಒಂದು’. ಅದರ ಅರ್ಥ 3.4 ವೋಲ್ಟು. ಎಷ್ಟು ಕೇಳಿದರೂ ಕೊಡಲು ಶಕ್ತವಾದ ಬೋರ್ಡಿನಲ್ಲಿ ಇದಾಯಿತೆಂದರೆ, ಬೇಕಾದುದಕ್ಕಿಂತ ಸುಮಾರು ಮೂರು ಪಟ್ಟು ಶಾಖ. ಒಂದು ಕಾಳಿನಷ್ಟು ಟೇಪು ಜಾರಿದುದರ ಫಲ.

ಬಳಿಕ ಸೀಸದ ಕಡ್ಡಿಯ ಕಾಲ ಬಂದಿತು. 2000ದಲ್ಲಿ ಬಂದ ಎಎಮ್‌ಡಿಯ ಡ್ಯೂರಾನ್, ಅಥ್ಲಾನ್ ಪ್ರೊಸೆಸರುಗಳ ಬೆನ್ನ ಮೇಲೆ ಸೇತುವೆಗಳೆಂದು ಕರೆಯುವ ಚುಕ್ಕೆಗಳ ಸಾಲುಗಳಿದ್ದವು. ಕಾರಖಾನೆಯವರು ಅವುಗಳನ್ನು ಕತ್ತರಿಸಿ ವೇಗಕ್ಕೂ ವೋಲ್ಟೇಜಿಗೂ ಬೀಗ ಹಾಕುತ್ತಿದ್ದರು. ಪೆನ್ಸಿಲ್ಲಿನ ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುವುದರಿಂದ, ಶಾಲೆಯ ಹುಡುಗನ ಪೆನ್ಸಿಲ್ಲಿನಿಂದ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದರೆ ಬೀಗ ತೆರೆಯಿತು. ಮುಂದಿನ ವರ್ಷದ ಅಥ್ಲಾನ್ ಎಕ್ಸ್‌ಪಿಯಲ್ಲಿ ಅದೇ ಜಾಗದಲ್ಲಿ ಲೇಸರಿನಿಂದ ಕುಳಿ ಕೊರೆದಿದ್ದರಿಂದ ಬರಿಯ ಪೆನ್ಸಿಲ್ಲಿನ ಆಟ ನಿಂತಿತು. ಜನ ಸುಮ್ಮನಾದರೆ? ಕುಳಿಯನ್ನು ಮೊದಲು ತುಂಬಿ, ಅದರ ಮೇಲೆ ವಿದ್ಯುತ್ತು ಹರಿಯುವ ಬಣ್ಣ ಬಳಿದರು.

ಈಗ ಪಟ್ಟಿಗಳ ಭಾಷೆ ಹೋಗಿದೆ. ಪ್ರೊಸೆಸರು ರೆಗ್ಯುಲೇಟರಿಗೆ ಎರಡು ಮೂರು ತಂತಿಗಳ ಮೇಲೆ ಕ್ಷಣಕ್ಷಣಕ್ಕೂ ಸಂದೇಶ ಕಳಿಸಿ, ಇಷ್ಟು ಕೊಡು, ಇಷ್ಟು ಸಾಕು ಎನ್ನುತ್ತದೆ. ಟೇಪು ಅಂಟಿಸಿ ಈ ಮಾತನ್ನು ತಿರುಚಲಾಗದು. ಉಳಿದಿರುವ ದಾರಿಯೇ ನಮ್ಮ ಹುಡುಗನು ಕೇಳಿ ಬಂದಿರುವ ರೆಸಿಸ್ಟರಿನ ದಾರಿ. ಇದನ್ನು ತಿಳಿಯಲು ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಟಾಕಿಯೊಳಗೆ ಒಂದು ಕಡ್ಡಿಯ ತುದಿಗೆ ತೇಲುವ ಚೆಂಡು ಇರುತ್ತದೆ. ನೀರು ಮೇಲೇರಿದಂತೆ ಚೆಂಡು ಏರಿ ನಳವನ್ನು ಮುಚ್ಚುತ್ತದೆ. ಆ ಕಡ್ಡಿಯನ್ನು ಯಾರಾದರೂ ಮೇಲಕ್ಕೆ ಬಗ್ಗಿಸಿದರೆ, ನೀರು ಮೊದಲಿನ ಮಟ್ಟ ದಾಟಿದ ಮೇಲೂ ನಳ ತೆರೆದೇ ಇರುತ್ತದೆ. ರೆಗ್ಯುಲೇಟರಿಗೂ ಅಂಥದೊಂದು ಚೆಂಡುಂಟು. ಹೊರಗೆ ಹೋಗುವ ವೋಲ್ಟೇಜಿನ ಒಂದು ಅಂಶವನ್ನು ಎರಡು ರೆಸಿಸ್ಟರುಗಳ ಮೂಲಕ ಹಿಂದಕ್ಕೆ ತಂದು, ಸರಿಯಾಗಿದೆಯೇ ಎಂದು ಅದು ನೋಡಿಕೊಳ್ಳುತ್ತಿರುತ್ತದೆ. ಕೆಳಗಿನ ರೆಸಿಸ್ಟರಿಗೆ ಸಮಾಂತರವಾಗಿ ಮತ್ತೊಂದನ್ನು ಸೇರಿಸಿದರೆ ಹಿಂದಕ್ಕೆ ಬರುವ ಅಂಶ ತಗ್ಗುತ್ತದೆ. ರೆಗ್ಯುಲೇಟರು ವೋಲ್ಟೇಜು ಸಾಲದೆಂದು ಭ್ರಮಿಸಿ ಹೆಚ್ಚಿಸುತ್ತದೆ. ಕಡ್ಡಿ ಬಗ್ಗಿತು!

ಉಪಾಯವೇನೋ ಸರಿ. ನಮ್ಮ ತಕರಾರು ಇರುವುದು ಮುಂದೆ. ಹೀಗೆ ಮೋಸಹೋದ ರೆಗ್ಯುಲೇಟರಿಗೆ ನಿಜವಾದ ವೋಲ್ಟೇಜು ಗೊತ್ತೇ ಇರುವುದಿಲ್ಲ. 1.45 ಹರಿಯುತ್ತಿರುವಾಗ ಅದು 1.35 ಎಂದೇ ನಂಬಿರುತ್ತದೆ. ಅದೇ ತಂತಿಯನ್ನು ನೋಡಿ ಪರದೆಯ ಮೇಲೆ ಅಂಕಿ ತೋರಿಸುವ ತಂತ್ರಾಂಶವೂ ಸುಳ್ಳು ಹೇಳುತ್ತದೆ. ಮಿತಿಮೀರಿದಾಗ ಯಂತ್ರವನ್ನು ಆರಿಸಬೇಕಾದ ಕಾವಲುಗಾರನಿಗೂ ಅದೇ ಕಣ್ಣು. ಎಂದರೆ ಹುಡುಗನು ಮುರಿಯುವುದು ಕೇವಲ ಒಂದು ಮಿತಿಯನ್ನಲ್ಲ. ಮಿತಿ ಮೀರಿದುದನ್ನು ತಿಳಿಸುವ ಕಣ್ಣನ್ನೇ ಕೆಡಿಸುತ್ತಾನೆ. ಪಂಪಿನ ಮನೆಯಲ್ಲಿ ಮತ್ತೆ ಮತ್ತೆ ಹೋಗುವ ಫ್ಯೂಜಿಗೆ ಬೇಸತ್ತು ದಪ್ಪ ತಂತಿ ಸುತ್ತುವವರನ್ನು ಲಕ್ಷ್ಮೇಶ್ವರದ ಹಿರಿಯರು ಕಂಡೇ ಇರುತ್ತಾರೆ. ಮರುದಿನ ಫ್ಯೂಜು ಹೋಗುವುದಿಲ್ಲ, ಮೋಟಾರೇ ಹೋಗುತ್ತದೆ.

ಹೆಚ್ಚಿನ ವೋಲ್ಟೇಜಿನ ಹಾನಿ ಕೂಡಲೇ ಕಾಣಬೇಕೆಂದಿಲ್ಲ. ಇದೇ ಹುಡುಗರನ್ನು ಏಮಾರಿಸುವ ಸಂಗತಿ. ಪ್ರೊಸೆಸರಿನೊಳಗಿನ ಲೋಹದ ಎಳೆಗಳು ಎಷ್ಟು ಸೂಕ್ಷ್ಮವೆಂದರೆ, ಹರಿಯುವ ಎಲೆಕ್ಟ್ರಾನುಗಳ ತಳ್ಳಾಟಕ್ಕೆ ಲೋಹದ ಅಣುಗಳೇ ನಿಧಾನವಾಗಿ ಸ್ಥಾನ ಬಿಟ್ಟು ಸರಿಯುತ್ತವೆ. ಹಳ್ಳದ ನೀರು ದಂಡೆಯ ಮಣ್ಣನ್ನು ಕೊರೆದಂತೆ. ಒಂದೆಡೆ ಎಳೆ ಸವೆಯುತ್ತದೆ, ಇನ್ನೊಂದೆಡೆ ಗುಡ್ಡೆ ಬೀಳುತ್ತದೆ. ಕರೆಂಟಿನ ದಟ್ಟಣೆ ಇಮ್ಮಡಿಸಿದರೆ ಎಳೆಯ ಆಯುಷ್ಯ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂದೂ, ಶಾಖ ಏರಿದರೆ ಅದಕ್ಕಿಂತಲೂ ತೀವ್ರವಾಗಿ ಇಳಿಯುವುದೆಂದೂ ಜೇಮ್ಸ್ ಬ್ಲ್ಯಾಕ್ ಎಂಬ ಎಂಜಿನಿಯರು 1969ರಲ್ಲಿಯೇ ಸೂತ್ರ ಬರೆದು ತೋರಿಸಿದ. ಇಂದು ಚೆನ್ನಾಗಿ ಓಡಿದ ಯಂತ್ರ ಆರು ತಿಂಗಳ ಮೇಲೆ ಕಾರಣವಿಲ್ಲದೆ ನಿಲ್ಲತೊಡಗಿದರೆ, ಕಾರಣವಿಲ್ಲದೆ ಅಲ್ಲ.

ಮಿತಿ ಹಾಕುವವರೆಲ್ಲ ಅಂಜುಬುರುಕರು, ನಮ್ಮ ಹಣ ಕೀಳಲೆಂದೇ ಬೀಗ ಹಾಕುವವರು ಎಂಬ ಮಾತು ತರುಣರಲ್ಲಿ ಪ್ರಚಾರದಲ್ಲಿದೆ. ಅದರಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪಬೇಕು. ವ್ಯಾಪಾರಕ್ಕಾಗಿ ಹಾಕಿದ ಬೀಗಗಳು ಇಲ್ಲದಿಲ್ಲ. 2011ರಿಂದ ಇಂಟೆಲ್ ತನ್ನ ಸಾಮಾನ್ಯ ಪ್ರೊಸೆಸರುಗಳಲ್ಲಿ ‘ಕೆ’ ಅಕ್ಷರವಿದ್ದವಕ್ಕೆ ಮಾತ್ರ ವೇಗ ಬದಲಿಸುವ ಪೂರ್ಣ ಸ್ವಾತಂತ್ರ್ಯವಿತ್ತು, ಅದಕ್ಕೆ ಬೆಲೆಯನ್ನೂ ಹೆಚ್ಚಿಗೆ ತೆಗೆದುಕೊಂಡಿತು. ಆದರೆ ವೋಲ್ಟೇಜಿನ ಮಿತಿಯದು ಬೇರೆ ಜಾತಿ. 2023ರ ಏಪ್ರಿಲಿನಲ್ಲಿ ಎಎಮ್‌ಡಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಸಾಕೆಟ್ಟಿನಲ್ಲಿಯೇ ಉಬ್ಬಿ ಸುಟ್ಟವು. ಬೋರ್ಡುಗಳು ಅವುಗಳ ಒಂದು ಭಾಗಕ್ಕೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೊಡುತ್ತಿದ್ದವು. ಆ ಭಾಗಕ್ಕೆ 1.3 ವೋಲ್ಟಿನ ಮಿತಿಯನ್ನು ಎಎಮ್‌ಡಿ ಅವಸರದಿಂದ ಹಾಕಿತು. ಮರುವರ್ಷ ಇಂಟೆಲಿನ ಸರದಿ. ಅದರ 13ನೆಯ, 14ನೆಯ ತಲೆಮಾರಿನ ಪ್ರೊಸೆಸರುಗಳು ತಾವೇ ಅತಿಯಾದ ವೋಲ್ಟೇಜನ್ನು ಕೇಳಿ, ಬೇಗನೆ ಹಳತಾಗಿ, ಲೆಕ್ಕ ತಪ್ಪತೊಡಗಿದವು. 2024ರ ಆಗಸ್ಟಿನಲ್ಲಿ 1.55 ವೋಲ್ಟಿಗೆ ತಡೆ ಹಾಕುವ ತಿದ್ದುಪಡಿಯನ್ನು ಕಳಿಸಿ, ಗ್ಯಾರಂಟಿಯನ್ನು ಎರಡು ವರ್ಷ ಮುಂದಕ್ಕೆ ಹಾಕಬೇಕಾಯಿತು. ಕಟ್ಟಿದವರಿಗೇ ಹತ್ತನೆಯ ಒಂದು ವೋಲ್ಟಿನ ಲೆಕ್ಕ ತಪ್ಪಿದಲ್ಲಿ, ಊರಿನ ಅಂಗಡಿಯಲ್ಲಿ ಕುಳಿತು ಸೋಲ್ಡರ್ ಹಿಡಿದ ಕೈ ಎಷ್ಟು ಸ್ಥಿರವಾಗಿರಬೇಕು, ನೋಡಿ.

ಅಂಥ ಪ್ರೊಸೆಸರುಗಳನ್ನು ಕಟ್ಟುವ ಜನ ನಮಗೆ ದೂರದವರೆಂದೂ ತಿಳಿಯಬೇಕಾಗಿಲ್ಲ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಆರು ತಿರುಳುಗಳ ಜಿಯಾನ್ 7400, ಒಂದು ಚಿಪ್ಪಿನಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳಿದ್ದುದು, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಈ ವಿದ್ಯೆಯಲ್ಲಿ ಆಸ್ಥೆಯುಳ್ಳ ಹುಡುಗನನ್ನು ಗದರಿಸಿ ಕೂಡಿಸುವುದು ನಮಗೆ ಸಮ್ಮತವಲ್ಲ.

ಆದ್ದರಿಂದ ಇನ್ನು ಮಾತು ಹುಡುಗನ ಸಂಗಡ.

ತಮ್ಮಾ, ನಿನ್ನ ಪ್ರೊಸೆಸರಿನ ತಲೆಮಾರಿಗೆ ಸುಮಾರು 4 ಗಿಗಾಹರ್ಟ್ಸ್ ಎಂಬುದು ಗೋಡೆ. ಸಾಧಾರಣ ಫ್ಯಾನಿನ ತಂಪಿನಲ್ಲಿ 4.1 ದಾಟಿದವು ಅಪರೂಪ. ಗೋಡೆಯ ಹತ್ತಿರ ಬಂದಂತೆ ವೋಲ್ಟೇಜು ಎಷ್ಟು ಸುರಿದರೂ ವೇಗ ಕದಲುವುದಿಲ್ಲ, ಶಾಖ ಮಾತ್ರ ಏರುತ್ತದೆ. 2011ರಲ್ಲಿ ಎಎಮ್‌ಡಿಯವರು ತಮ್ಮ ಎಫ್‌ಎಕ್ಸ್ ಪ್ರೊಸೆಸರನ್ನು 8.429 ಗಿಗಾಹರ್ಟ್ಸಿಗೆ ಏರಿಸಿ ಗಿನ್ನೆಸ್ ದಾಖಲೆ ಮಾಡಿದರಲ್ಲ ಎಂದು ನೀನು ಕೇಳಬಹುದು. ಅಲ್ಲಿ ತಂಪಿಗೆ ಸುರಿದದ್ದು ದ್ರವ ಹೀಲಿಯಮ್ಮು. ಅದು ಕುಸ್ತಿಯ ಕಣ, ಅಂಗಡಿಯಲ್ಲ. ನಿನ್ನ ಬೋರ್ಡು ಕೊಡುತ್ತಿರುವ ಮಿತಿಯೊಳಗೇ 3.8 ಅಥವಾ 3.9 ದಕ್ಕುವ ಸಂಭವ ಬಹಳವಿದೆ. ಹಾಗೆ ದಕ್ಕಿದರೂ ಗಂಟೆ ಹಿಡಿಯುತ್ತಿದ್ದ ಕೆಲಸ 52 ನಿಮಿಷಕ್ಕೆ ಬರುತ್ತದೆ. ಎಂಟು ನಿಮಿಷಕ್ಕೋಸ್ಕರ ಸೋಲ್ಡರ್ ಬೇಡ.

ಬಯಾಸಿನಲ್ಲಿ ‘ಆಫ್‌ಸೆಟ್’ ಎಂಬುದಿದ್ದರೆ ಅದನ್ನು ಮೊದಲು ನೋಡು; ಎಷ್ಟೋ ಬೋರ್ಡುಗಳಲ್ಲಿ ಮಿತಿಯೆಂದು ತೋರುವುದು ಈ ಆಫ್‌ಸೆಟ್ಟಿನ ಮಿತಿಯೇ ಹೊರತು ಒಟ್ಟು ವೋಲ್ಟೇಜಿನದಲ್ಲ. ‘ಲೋಡ್ ಲೈನ್’ ಎಂಬುದನ್ನು ಒಂದೆರಡು ಮೆಟ್ಟಿಲು ಏರಿಸಿದರೆ ಭಾರ ಬಿದ್ದಾಗ ವೋಲ್ಟೇಜು ಕುಸಿಯುವುದು ತಗ್ಗುತ್ತದೆ. ತುತ್ತತುದಿಗೆ ಮಾತ್ರ ಒಯ್ಯಬೇಡ, ಭಾರ ಇಳಿದ ಕ್ಷಣ ವೋಲ್ಟೇಜು ಮೇಲಕ್ಕೆ ಜಿಗಿಯುತ್ತದೆ. ಅಗ್ಗದ ಬೋರ್ಡುಗಳಲ್ಲಿ ರೆಗ್ಯುಲೇಟರಿನ ಮೇಲೆ ಹೀಟ್‌ಸಿಂಕ್ ಇರುವುದಿಲ್ಲ. ನಿನ್ನದೂ ಹಾಗಿದ್ದರೆ ಅದರ ಮೇಲೆ ಗಾಳಿ ಬೀಳುವಂತೆ ಒಂದು ಫ್ಯಾನು ಕೂಡಿಸು. ಅನೇಕ ಸಲ ಯಂತ್ರ ನಿಧಾನವಾಗುವುದು ವೋಲ್ಟೇಜಿನ ಕೊರತೆಯಿಂದಲ್ಲ, ರೆಗ್ಯುಲೇಟರು ಕಾಯ್ದು ತಾನೇ ಕೈ ಹಿಂದೆಗೆಯುವುದರಿಂದ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ಪ್ರಯೋಗವನ್ನೂ ಮಾಡಿ ನೋಡು: ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು. ಕಾರಖಾನೆಯವರು ಎಲ್ಲ ಚಿಪ್ಪುಗಳಿಗೂ ಸಾಲುವಂತೆ ಕೈ ಬಿಟ್ಟು ಬಡಿಸಿರುತ್ತಾರೆ. ನಿನ್ನ ಚಿಪ್ಪಿಗೆ ಅಷ್ಟು ಬೇಕಾಗದೆ ಇರಬಹುದು.

ಇನ್ನು, ನಿಜವಾದ ವೇಗ ಬೇಕಾದರೆ ಅದರ ದಾರಿ ಬೇರೆ. ನಿನ್ನ ಬೋರ್ಡಿನ ಎಎಮ್4 ಸಾಕೆಟ್ಟಿನಲ್ಲಿ ಮುಂದಿನ ತಲೆಮಾರುಗಳ ಪ್ರೊಸೆಸರುಗಳೂ ಕೂಡುತ್ತವೆ. 2022ರಲ್ಲಿ ಎಎಮ್‌ಡಿ ಹಳೆಯ 300 ಸರಣಿಯ ಬೋರ್ಡುಗಳಿಗೂ ರೈಜನ್ 5000 ಸರಣಿಯನ್ನು ಒಪ್ಪಿತು. ಅದೇ ವರ್ಷ ಬಂದ ರೈಜನ್ 5 5600ಕ್ಕೂ ಆರೇ ತಿರುಳು, 65 ವ್ಯಾಟೇ, ಆದರೆ 4.4 ಗಿಗಾಹರ್ಟ್ಸಿನವರೆಗೆ ಏರುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಬೋರ್ಡು ಮಾಡಿದ ಸಂಸ್ಥೆ ಅದಕ್ಕೆ ತಕ್ಕ ಬಯಾಸನ್ನು ಕೊಟ್ಟಿದೆಯೇ ಎಂದು ಬೋರ್ಡಿನ ಹೆಸರು ಹಿಡಿದು ನೋಡಿ, ಖಾತ್ರಿಯಾದ ಮೇಲೆಯೇ ಹಣ ಬಿಚ್ಚು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸರಿ. ಹಳೆಯದನ್ನು ಮಾರಿದರೆ ಸ್ವಲ್ಪ ಹಣ ಹಿಂದಕ್ಕೆ ಬರುತ್ತದೆ. ಸೋಲ್ಡರ್ ಮುಟ್ಟಿಸಿದ ಬೋರ್ಡನ್ನು ಯಾರೂ ಕೊಳ್ಳರು.

ತಂದೆಯವರಿಗೆ ಒಂದು ಮಾತು. ತಾವು ಸೋಲ್ಡರಿಗೆ ಉಹೂಂ ಎನ್ನಿ, ಉಳಿದುದಕ್ಕೆ ಹೂಂ ಎನ್ನಿ. ಸ್ಟೆಬಿಲೈಜರಿನಿಂದ ಅವನಿಗೆ ಬೇಕಾದ ವೋಲ್ಟೇಜು ಸಿಗುವುದಿಲ್ಲ. ಗೋಡೆಯ ಪ್ಲಗ್ಗಿನಲ್ಲಿ 200 ಇರಲಿ, 240 ಇರಲಿ, ಪವರ್ ಸಪ್ಲೈ ಅದನ್ನು 12ಕ್ಕೆ ತಂದೇ ಒಳಗೆ ಬಿಡುತ್ತದೆ. ಆ ಹಣದಲ್ಲಿ ಒಂದು ಯುಪಿಎಸ್ ಕೊಳ್ಳುವುದು ಮೇಲು. ಬಯಾಸನ್ನು ಬದಲಿಸುವ ಐದಾರು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡು ಮತ್ತೆ ಏಳದೆ ಇರಬಹುದು. ಕರೆಂಟು ಹೋಗುವ ವೇಳೆ ಅವನಿಗಿಂತ ತಮಗೇ ಚೆನ್ನಾಗಿ ಗೊತ್ತಿರಬೇಕು. ಆ ಕೆಲಸವನ್ನು ತಮ್ಮ ಎದುರಿನಲ್ಲಿ, ಯುಪಿಎಸ್ಸಿನ ಬ್ಯಾಟರಿ ತುಂಬಿದ ಮೇಲೆ ಮಾಡಹೇಳಿ.